ಕಾಯಂ ಗಿರಾಕಿಗೆ ಯಾವ ದಾರಿ: ಬೆಲೆ, ಸರಕು, ಸೇವೆ, ಪಾಯಿಂಟ್‌ಗಳ ಹೋಲಿಕೆ

ಚಿಲ್ಲರೆ ವ್ಯಾಪಾರದಲ್ಲಿರುವವರು 'ಯಾವ ಲಾಯಲ್ಟಿ ಕಾರ್ಡ್ (ಮತ್ತೆ ಮತ್ತೆ ಕೊಳ್ಳುವವರಿಗೆ ಬಹುಮಾನ ಕೊಡುವ ಕಾರ್ಡ್) ಮಾಡಿಸೋಣ?' ಎಂದು ಕೇಳುವಾಗ ಅದಕ್ಕಿಂತ ಹಿಂದಿನ ಎರಡು ಪ್ರಶ್ನೆಗಳನ್ನು ಹಾರಿಸಿಬಿಟ್ಟಿರುತ್ತಾರೆ. ನಿಮ್ಮ ಗಿರಾಕಿ ವರ್ಷಕ್ಕೆ ಎಷ್ಟು ಬಾರಿ ಬರುತ್ತಾರೆ? ಅವರಿಗೆ ಮಾರಿದ ಪ್ರತಿ ನೂರರಲ್ಲಿ, ಸರಕಿನ ಅಸಲು ಕಳೆದ ಮೇಲೆ, ನಿಮ್ಮ ಕೈಯಲ್ಲಿ ಎಷ್ಟು ಉಳಿಯುತ್ತದೆ? ಈ ಎರಡು ಅಂಕಿ ಗೊತ್ತಿದ್ದರೆ ಮುಂದಿನ ಆಯ್ಕೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಿದ್ದುಹೋಗುತ್ತವೆ. ವಾರಕ್ಕೊಮ್ಮೆ ಬರುವ ಗಿರಾಕಿಯನ್ನು ಹಿಡಿದಿಡುವ ಉಪಾಯ ಹತ್ತು ವರ್ಷಕ್ಕೊಮ್ಮೆ ಮಂಚ ಕೊಳ್ಳಲು ಬರುವವರ ಮೇಲೆ ನಡೆಯುವುದಿಲ್ಲ. ನೂರರಲ್ಲಿ ಐವತ್ತು ಉಳಿಯುವ ಅಂಗಡಿ ಧಾರಾಳವಾಗಿ ಕೊಡಬಹುದಾದದ್ದನ್ನು ನೂರರಲ್ಲಿ ಹದಿನೈದು ಉಳಿಯುವ ಅಂಗಡಿ ಕೊಟ್ಟರೆ ಬಾಗಿಲು ಹಾಕಬೇಕಾಗುತ್ತದೆ.

ಆದ್ದರಿಂದ ಇಲ್ಲಿನ ಹೋಲಿಕೆ ಎರಡು ಮಜಲುಗಳಲ್ಲಿದೆ. ಮೊದಲನೆಯದು ಗಿರಾಕಿ ನಿಮ್ಮಲ್ಲಿಗೆ ಬರಲು ಕಾರಣವೇನು ಎಂಬುದು: ಬೆಲೆ, ಸರಕಿನ ಆಯ್ಕೆ, ಸೇವೆ, ಅನುಕೂಲ. ಎರಡನೆಯದು ಬಂದವರನ್ನು ಮತ್ತೆ ಕರೆತರುವ ಸಾಧನ: ಖರೀದಿಗೆ ತಕ್ಕಂತೆ ಕೂಡುವ ಪಾಯಿಂಟ್, ಸದಸ್ಯರ ಬೆಲೆ, ಶುಲ್ಕದ ಸದಸ್ಯತ್ವ, ಹಂತಗಳು. ಎರಡನೆಯದನ್ನು ಮೊದಲನೆಯದಕ್ಕೆ ಹೊಂದಿಸದಿದ್ದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತಾಗುತ್ತದೆ.

ಬೆಲೆ: ಸದಾ ಕಡಿಮೆಯೋ, ಆಗಾಗ ಕಡಿಮೆಯೋ

ಬೆಲೆಯ ಮೇಲೆ ವ್ಯಾಪಾರ ಕಟ್ಟುವವರಿಗೆ ಎರಡು ದಾರಿಗಳಿವೆ. ಒಂದು, ವರ್ಷವಿಡೀ ಒಂದೇ ಕಡಿಮೆ ಬೆಲೆ. 1962ರಲ್ಲಿ ಅಮೆರಿಕದ ಆರ್ಕನ್ಸಾದಲ್ಲಿ ಮೊದಲ ಮಳಿಗೆ ತೆರೆದ ವಾಲ್‌ಮಾರ್ಟ್ ಈ ದಾರಿಯಲ್ಲೇ ಬೆಳೆದದ್ದು. ಇನ್ನೊಂದು, ಮಾಮೂಲಿ ಬೆಲೆಯನ್ನು ಸ್ವಲ್ಪ ಮೇಲಿಟ್ಟು ಆಗಾಗ ಭರ್ಜರಿ ರಿಯಾಯಿತಿ ಘೋಷಿಸುವುದು. ಬಟ್ಟೆ, ಪಾದರಕ್ಷೆ, ಎಲೆಕ್ಟ್ರಾನಿಕ್ ಸಾಮಾನುಗಳ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಸದಾ ಕಡಿಮೆ ಬೆಲೆ ಕೇಳಲು ಸರಳ, ಸಾಧಿಸಲು ಕಠಿಣ. ಅದಕ್ಕೆ ಖರೀದಿಯಲ್ಲೇ ಚೌಕಾಸಿ ಮಾಡುವ ಶಕ್ತಿ ಬೇಕು, ಸಾಗಾಟ ಮತ್ತು ದಾಸ್ತಾನಿನ ಖರ್ಚನ್ನು ಹಿಂಡಿ ಹಿಪ್ಪೆ ಮಾಡುವ ಶಿಸ್ತು ಬೇಕು. ಅಸಲು ಇಳಿಯದೆ ಬೆಲೆ ಇಳಿಸಿದವರು ಸ್ವಂತ ಬಂಡವಾಳವನ್ನೇ ಗಿರಾಕಿಗೆ ಹಂಚುತ್ತಿರುತ್ತಾರೆ. ಹೀಗೆ ಹಂಚುವವರಿಗಿಂತ ಹೆಚ್ಚು ಹಂಚಬಲ್ಲ ದೊಡ್ಡ ಅಂಗಡಿಯೊಂದು ಇಂದಲ್ಲ ನಾಳೆ ಬಂದೇ ಬರುತ್ತದೆ. ಈ ದಾರಿಯ ಲಾಭವೂ ಚಿಕ್ಕದಲ್ಲ. ಬೇಡಿಕೆ ಏರಿಳಿಯದೆ ಸಮನಾಗಿ ಹರಿಯುವುದರಿಂದ ದಾಸ್ತಾನಿನ ಲೆಕ್ಕ ಸುಲಭವಾಗುತ್ತದೆ, ಬೆಲೆಚೀಟಿ ಬದಲಿಸುವ ಕೆಲಸ ತಗ್ಗುತ್ತದೆ, ಜಾಹೀರಾತಿನ ಖರ್ಚೂ ಇಳಿಯುತ್ತದೆ.

ರಿಯಾಯಿತಿಯ ದಾರಿ ಹಿಡಿಯುವವರು ಗುಣಾಕಾರವನ್ನು ಮೊದಲು ಮಾಡಿಕೊಳ್ಳಬೇಕು. ನೂರಕ್ಕೆ ಮಾರಿದಾಗ ಮೂವತ್ತು ಉಳಿಯುವ ಸರಕಿಗೆ ಶೇ. 10 ರಿಯಾಯಿತಿ ಕೊಟ್ಟರೆ ಉಳಿಯುವುದು ಇಪ್ಪತ್ತು. ಮೊದಲಿನಷ್ಟೇ ಹಣ ಕೈಗೆ ಬರಬೇಕಾದರೆ ಶೇ. 50ರಷ್ಟು ಹೆಚ್ಚು ಸರಕು ಮಾರಬೇಕು. ಇಪ್ಪತ್ತು ಉಳಿಯುವ ಸರಕಾದರೆ ಅದೇ ಶೇ. 10ಕ್ಕೆ ಮಾರಾಟ ಎರಡರಷ್ಟಾಗಬೇಕು. ಐವತ್ತು ಉಳಿಯುವುದಾದರೆ ಶೇ. 25 ಹೆಚ್ಚಾದರೆ ಸಾಕು. 'ಎಲ್ಲದರ ಮೇಲೂ ಶೇ. 10' ಎಂಬ ಫಲಕ ತೂಗುಹಾಕುವ ಎಷ್ಟು ಅಂಗಡಿಗಳು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿರುತ್ತವೆ ಎಂಬ ಅನುಮಾನ ನನಗೆ ಇದ್ದೇ ಇದೆ. ಲಾಭ ಹೆಚ್ಚಿರುವ, ಋತು ಮುಗಿದರೆ ಕಪಾಟಿನಲ್ಲೇ ಕೊಳೆಯುವ ಸರಕಿಗೆ ರಿಯಾಯಿತಿ ಸರಿಯಾದ ಮದ್ದು. ಲಾಭ ತೆಳುವಾಗಿರುವ, ಹೇಗೂ ಮಾರಾಟವಾಗುವ ಸರಕಿಗೆ ಅದು ವ್ಯರ್ಥ ದಾನ.

ಒಂದು ದಾರಿಯಿಂದ ಇನ್ನೊಂದಕ್ಕೆ ಜಿಗಿಯುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಅಮೆರಿಕದ ಜೆಸಿ ಪೆನ್ನಿ ಮಳಿಗೆಗಳ ಕಥೆ ಸಾಕು. ಆಪಲ್‌ನ ಮಳಿಗೆಗಳನ್ನು ಕಟ್ಟಿ ಹೆಸರು ಮಾಡಿದ್ದ ರಾನ್ ಜಾನ್ಸನ್ 2011ರ ಕೊನೆಯಲ್ಲಿ ಅದರ ಮುಖ್ಯಸ್ಥರಾದರು. 2012ರಲ್ಲಿ ಕೂಪನ್‌ಗಳನ್ನೂ ನಿರಂತರ ಸೇಲ್‌ಗಳನ್ನೂ ಕೈಬಿಟ್ಟು, ಪ್ರತಿದಿನವೂ ಒಂದೇ ನ್ಯಾಯಬೆಲೆ ಎಂದು ಸಾರಿದರು. ಕಾಗದದ ಮೇಲೆ ಗಿರಾಕಿಗೆ ಹೆಚ್ಚಿನ ನಷ್ಟವೇನೂ ಇರಲಿಲ್ಲ. ಆದರೆ ಕೂಪನ್ ಕತ್ತರಿಸಿ ತಂದು, ಬಿಲ್‌ನಲ್ಲಿ ಉಳಿತಾಯದ ಮೊತ್ತ ನೋಡಿ ಹಿಗ್ಗುವುದೇ ಅಲ್ಲಿನ ಕಾಯಂ ಗಿರಾಕಿಗಳ ಸಂತೋಷವಾಗಿತ್ತು. ಆ ವರ್ಷ ಮಾರಾಟ ಸುಮಾರು ಕಾಲುಭಾಗ ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಜಾನ್ಸನ್ ಹೊರನಡೆದರು, ಕೂಪನ್‌ಗಳು ಮರಳಿ ಬಂದವು. ಸೇಲ್‌ಗೆ ಕಾಯುವ ಗಿರಾಕಿಗಳನ್ನು ವರ್ಷಗಟ್ಟಲೆ ನೀವೇ ತಯಾರು ಮಾಡಿದ್ದರೆ ಒಂದೇ ಬೆಳಗ್ಗೆ ಅವರ ಅಭ್ಯಾಸ ಬಿಡಿಸಲು ಹೋಗಬೇಡಿ. ಒಂದು ವಿಭಾಗದಲ್ಲಿ, ಒಂದೆರಡು ಮಳಿಗೆಗಳಲ್ಲಿ ಮೊದಲು ಮಾಡಿ ನೋಡಿ. ಜಾನ್ಸನ್ ಅವರ ಮೇಲೆ ಆಗ ಬಂದ ಟೀಕೆಗಳಲ್ಲಿ ಮುಖ್ಯವಾದದ್ದು ಈ ಪರೀಕ್ಷೆಯನ್ನು ಮಾಡಲಿಲ್ಲ ಎಂಬುದೇ.

ಸರಕು: ಎಲ್ಲವೂ ಇರಬೇಕೋ, ಆಯ್ದದ್ದು ಸಾಕೋ

'ನಮ್ಮಲ್ಲಿ ಸಿಗದ್ದೇ ಇಲ್ಲ' ಎನ್ನುವುದು ವ್ಯಾಪಾರಿಗೆ ಹೆಮ್ಮೆ. ಲೆಕ್ಕಪುಸ್ತಕಕ್ಕೆ ಅದು ಹೊರೆ. ಕಪಾಟಿನಲ್ಲಿ ಕುಳಿತ ಪ್ರತಿಯೊಂದು ಬಗೆಯೂ ಬಂಡವಾಳವನ್ನು ಕಟ್ಟಿಹಾಕುತ್ತದೆ, ಜಾಗ ತಿನ್ನುತ್ತದೆ, ಹಳತಾಗುತ್ತದೆ. ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಹತ್ತಾರು ಸಾವಿರ ಬಗೆಯ ವಸ್ತುಗಳಿರುವುದು ಸಾಮಾನ್ಯ. ಸದಸ್ಯರಿಗಷ್ಟೇ ಮಾರುವ ಅಮೆರಿಕದ ಕಾಸ್ಟ್‌ಕೋ ಮಳಿಗೆಯಲ್ಲಿರುವುದು ಸುಮಾರು 4,000 ಬಗೆ. ಜರ್ಮನಿಯ ಆಲ್ಬ್ರೆಕ್ಟ್ ಸಹೋದರರು ಕಟ್ಟಿದ ಆಲ್ಡಿಯಲ್ಲಿ ಅದಕ್ಕಿಂತಲೂ ಕಡಿಮೆ. ಒಂದು ವಸ್ತುವಿಗೆ ಹತ್ತು ಬ್ರಾಂಡ್ ಬದಲು ಒಂದೋ ಎರಡೋ ಇಟ್ಟರೆ ಪ್ರತಿಯೊಂದರ ಖರೀದಿಯ ಪ್ರಮಾಣ ಹಿಗ್ಗುತ್ತದೆ, ಪೂರೈಕೆದಾರರ ಬಳಿ ದರ ಇಳಿಸಿಕೊಳ್ಳಲು ಬಾಯಿ ಬರುತ್ತದೆ, ಸರಕು ಬೇಗ ತಿರುಗುತ್ತದೆ.

ಕಡಿಮೆ ಬಗೆಗಳ ಅಂಗಡಿಗೆ ಒಂದು ಷರತ್ತಿದೆ. ಆಯ್ಕೆಯನ್ನು ಗಿರಾಕಿಯ ಬದಲು ನೀವು ಮಾಡುತ್ತಿದ್ದೀರಿ, ಹಾಗಾಗಿ ನಿಮ್ಮ ಆಯ್ಕೆ ಅವರ ನಂಬಿಕೆಗೆ ಅರ್ಹವಾಗಿರಬೇಕು. ಒಂದೇ ಬಗೆ ಇಟ್ಟು ಅದೂ ಕಳಪೆಯಾದರೆ ಗಿರಾಕಿಗೆ ಪಕ್ಕದ ಕಪಾಟಿನ ಸಮಾಧಾನವೂ ಇಲ್ಲ. ಹೆಚ್ಚು ಬಗೆಗಳು ಗೆಲ್ಲುವುದು ಬಿಡಿಭಾಗ, ಪುಸ್ತಕ, ಔಷಧಗಳಂತಹ ವಸ್ತುಗಳಲ್ಲಿ. ಅಲ್ಲಿ ಗಿರಾಕಿ ನಿರ್ದಿಷ್ಟ ವಸ್ತುವನ್ನು ಹುಡುಕಿ ಬಂದಿರುತ್ತಾರೆ, ಅದಕ್ಕೆ ಹತ್ತಿರವಾದದ್ದು ಅವರಿಗೆ ಬೇಡ. ನಿಮ್ಮದು ಇವೆರಡರ ನಡುವಿನ ಅಂಗಡಿಯಾದರೆ ಮಾರಾಟದ ಪಟ್ಟಿ ತೆಗೆದು ನೋಡಿ. ವರ್ಷದಲ್ಲಿ ಒಂದೆರಡು ಬಾರಿ ಮಾತ್ರ ಬಿಕರಿಯಾದ ವಸ್ತುಗಳ ಸಾಲು ಅಂದುಕೊಂಡದ್ದಕ್ಕಿಂತ ಉದ್ದವಾಗಿರುತ್ತದೆ. ಅವುಗಳನ್ನು ತೆಗೆಯುವ ಮುನ್ನ ಒಂದನ್ನು ಪರೀಕ್ಷಿಸಿ: ಆ ಒಂದೆರಡು ಬಾರಿ ಕೊಂಡವರು ಯಾರು? ನಿಮ್ಮ ಅತ್ಯುತ್ತಮ ಗಿರಾಕಿಯೇ ಆಗಿದ್ದರೆ ಆ ವಸ್ತು ಅಲ್ಲೇ ಇರಲಿ.

ಸೇವೆ ಮತ್ತು ಅನುಕೂಲ

ಸೇವೆಯಿಂದ ಗೆಲ್ಲುವ ದಾರಿ ಲಾಭಾಂಶ, ಅಂದರೆ ನೂರರಲ್ಲಿ ಉಳಿಯುವ ಪಾಲು, ದಪ್ಪವಿರುವವರದು. ಸರಕಿನ ಬಗ್ಗೆ ತಿಳಿದ ಮಾರಾಟಗಾರರು, ಅಳತೆಗೆ ತಕ್ಕ ತಿದ್ದುಪಡಿ, ಮನೆಗೆ ಬಂದು ಜೋಡಿಸಿಕೊಡುವುದು, ಪ್ರಶ್ನೆ ಕೇಳದೆ ವಾಪಸ್ ಪಡೆಯುವುದು, ಇವೆಲ್ಲಕ್ಕೂ ಸಂಬಳದ ಪಟ್ಟಿಯಲ್ಲಿ ದುಡ್ಡು ಬೇಕು. ಉದಾರ ಭರವಸೆಗೂ ಮಿತಿ ಬೇಕೆಂಬುದು 1912ರಲ್ಲಿ ಹುಟ್ಟಿದ ಅಮೆರಿಕದ ಎಲ್‌.ಎಲ್‌.ಬೀನ್ ಕಂಪನಿಗೆ ತಡವಾಗಿ ಅರಿವಾಯಿತು. ಕಾಲಮಿತಿ ಇಲ್ಲದೆ ವಸ್ತು ವಾಪಸ್ ಪಡೆಯುತ್ತಿದ್ದ ಅದು, ದುರುಪಯೋಗ ಹೆಚ್ಚಿತೆಂದು 2018ರಲ್ಲಿ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿತು. ಕೊಟ್ಟ ಭರವಸೆಯನ್ನು ಹಿಂತೆಗೆದುಕೊಂಡಾಗ ಬರುವ ಮುನಿಸು ಮೊದಲೇ ಮಿತಿ ಹೇಳಿದ್ದರೆ ಬರುತ್ತಿರಲಿಲ್ಲ. ಕಾಲಮಿತಿಯನ್ನು ಮೊದಲ ದಿನವೇ ಬಿಲ್ ಮೇಲೆ ಅಚ್ಚು ಹಾಕಿಸಿ.

ಅನುಕೂಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹತ್ತಿರ ಇರುವುದು, ಬೇಗ ತೆರೆಯುವುದು, ಕ್ಯೂ ಚಿಕ್ಕದಿರುವುದು, ಬೇಕಾದ ವಸ್ತು ಖಾಲಿಯಾಗದಿರುವುದು. ಇವು ಕೆಟ್ಟಿರುವಾಗ ಯಾವ ಕಾರ್ಡೂ ಉಳಿಸುವುದಿಲ್ಲ.

ನಾಲ್ಕನ್ನೂ ಏಕಕಾಲಕ್ಕೆ ಮಾಡುತ್ತೇವೆ ಎನ್ನುವವರಿಗೆ ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ 1980ರಲ್ಲೇ ಎಚ್ಚರಿಕೆ ಕೊಟ್ಟಿದ್ದರು. ವೆಚ್ಚದಲ್ಲಿ ಎಲ್ಲರಿಗಿಂತ ಕಡಿಮೆ ಇರಬೇಕು, ಇಲ್ಲವೇ ಬೇರೆಯವರಲ್ಲಿ ಸಿಗದ್ದನ್ನು ಕೊಡಬೇಕು, ಇಲ್ಲವೇ ಚಿಕ್ಕ ಗುಂಪೊಂದಕ್ಕೆ ಪೂರ್ತಿ ಒಲಿಯಬೇಕು. ನಡುವೆ ಸಿಕ್ಕಿಕೊಂಡವರ ಗಳಿಕೆ ಸೊರಗುತ್ತದೆ ಎಂಬುದು ಅವರ ವಾದ. ಚಿಲ್ಲರೆ ವ್ಯಾಪಾರದಲ್ಲಿ ನಡುವಿನ ಜಾಗದಲ್ಲೂ ಬದುಕಿದವರಿದ್ದಾರೆ, ಒಪ್ಪುತ್ತೇನೆ. ಆದರೆ ಅವರು ಅಲ್ಲಿ ನಿಂತದ್ದು ಲೆಕ್ಕ ಹಾಕಿ, ಯಾವುದನ್ನೂ ಬಿಡಲು ಮನಸ್ಸಾಗದೆ ಅಲ್ಲ.

ಮರಳಿ ಕರೆತರುವ ಸಾಧನಗಳು

ಖರೀದಿಗೆ ಬಹುಮಾನ ಕೊಡುವ ಪದ್ಧತಿ ಹೊಸದೇನಲ್ಲ. ಅಮೆರಿಕದ ಸ್ಪೆರಿ ಅಂಡ್ ಹಚಿನ್ಸನ್ ಕಂಪನಿ 1896ರಲ್ಲೇ ಹಸಿರು ಸ್ಟಾಂಪ್‌ಗಳನ್ನು ಅಂಗಡಿಗಳಿಗೆ ಮಾರಲು ಶುರು ಮಾಡಿತ್ತು. ಗಿರಾಕಿಗಳು ಅವನ್ನು ಪುಸ್ತಕಕ್ಕೆ ಅಂಟಿಸಿ, ತುಂಬಿದ ಮೇಲೆ ವಸ್ತುಗಳಿಗೆ ಬದಲಾಯಿಸಿಕೊಳ್ಳುತ್ತಿದ್ದರು. ಆ ಸ್ಟಾಂಪ್‌ನ ಹಿಂದೆ ಯಾರು ಏನು ಕೊಂಡರು ಎಂಬ ಮಾಹಿತಿ ಇರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಬದಲಾದದ್ದು ಮುಖ್ಯವಾಗಿ ಅಷ್ಟೇ, ಆದರೆ ಬದಲಾವಣೆ ದೊಡ್ಡದು.

ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಟೆಸ್ಕೊ 1995ರಲ್ಲಿ ಕ್ಲಬ್‌ಕಾರ್ಡ್ ಎಂಬ ಪಾಯಿಂಟ್ ಕಾರ್ಡ್ ತಂದಾಗ ಪ್ರತಿಸ್ಪರ್ಧಿ ಸೇನ್ಸ್‌ಬರಿಯವರು ಅದನ್ನು ಹಳೆಯ ಸ್ಟಾಂಪ್‌ಗಳ ಎಲೆಕ್ಟ್ರಾನಿಕ್ ರೂಪವೆಂದು ತಳ್ಳಿಹಾಕಿದ್ದರು. ಮರುವರ್ಷವೇ ತಮ್ಮದೂ ಒಂದು ಕಾರ್ಡ್ ಹೊರಡಿಸಬೇಕಾಯಿತು. ಟೆಸ್ಕೊ ಕೊಡುತ್ತಿದ್ದ ಬಹುಮಾನ ಖರೀದಿಯ ಶೇ. 1ರಷ್ಟು ಮಾತ್ರ. ಗೆದ್ದದ್ದು ಆ ಶೇ. 1 ಅಲ್ಲ. ಎಡ್ವಿನಾ ಡನ್ ಮತ್ತು ಕ್ಲೈವ್ ಹಂಬಿ ದಂಪತಿಯ ಡನ್‌ಹಂಬಿ ಸಂಸ್ಥೆ ಖರೀದಿಯ ದತ್ತಾಂಶವನ್ನು ಬಿಡಿಸಿ, ಯಾವ ಮನೆಗೆ ಯಾವ ಕೂಪನ್ ಕಳಿಸಬೇಕು, ಯಾವ ಮಳಿಗೆಯಲ್ಲಿ ಯಾವ ಸರಕು ಇಡಬೇಕು ಎಂದು ಹೇಳಬಲ್ಲದಾಗಿತ್ತು. ಇದಕ್ಕೆ ತದ್ವಿರುದ್ಧವಾಗಿ ಬ್ರಿಟನ್ನಿನದೇ ಸೇಫ್‌ವೇ ತನ್ನ ಕಾರ್ಡನ್ನು 2000ದಲ್ಲಿ ನಿಲ್ಲಿಸಿ ಆ ಹಣವನ್ನು ಬೆಲೆ ಇಳಿಕೆಗೆ ತಿರುಗಿಸಿತು. ದತ್ತಾಂಶ ಓದಲು ಜನವಿಲ್ಲದ ಅಂಗಡಿಗೆ ಪಾಯಿಂಟ್ ಕಾರ್ಡ್ ಎಂದರೆ ಸುತ್ತುಬಳಸಿ ಕೊಟ್ಟ ರಿಯಾಯಿತಿ, ಜೊತೆಗೆ ಸಾಫ್ಟ್‌ವೇರ್‌ನ ಬಿಲ್ಲು.

ಪಾಯಿಂಟ್‌ಗಳ ವೆಚ್ಚವನ್ನೂ ಲಾಭಾಂಶದ ಕನ್ನಡಿಯಲ್ಲೇ ನೋಡಬೇಕು. ನೂರರಲ್ಲಿ ಇಪ್ಪತ್ತು ಉಳಿಯುವಾಗ ಶೇ. 2 ಪಾಯಿಂಟ್ ಕೊಟ್ಟರೆ ಉಳಿಕೆಯ ಹತ್ತನೇ ಒಂದು ಭಾಗ ಹೋಯಿತು. ಎಲ್ಲ ಪಾಯಿಂಟ್‌ಗಳೂ ಬಳಕೆಯಾದರೆ, ಅದನ್ನು ಸರಿದೂಗಿಸಲು ಸದಸ್ಯರ ಖರೀದಿ ಸುಮಾರು ಶೇ. 11 ಏರಬೇಕು. ಐವತ್ತು ಉಳಿಯುವ ಅಂಗಡಿಗೆ ಶೇ. 4ಕ್ಕಿಂತ ತುಸು ಹೆಚ್ಚಾದರೆ ಸಾಕು. ಇನ್ನೂ ಒಂದು ಮಾತು, ಕೊಟ್ಟು ಬಳಕೆಯಾಗದ ಪಾಯಿಂಟ್ ನಿಮ್ಮ ಸಾಲ. 2018ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರ ಮಾರಾಟದ ಹಣದಲ್ಲಿ ಪಾಯಿಂಟ್‌ಗೆ ಸಲ್ಲುವ ಪಾಲನ್ನು ತಕ್ಷಣ ಆದಾಯವೆಂದು ತೋರಿಸುವಂತಿಲ್ಲ. ಪಾಯಿಂಟ್ ಬಳಕೆಯಾಗುವವರೆಗೆ ಅಥವಾ ಅವಧಿ ಮುಗಿಯುವವರೆಗೆ ಅದು ಹೊಣೆಯಾಗಿಯೇ ಕೂರುತ್ತದೆ.

ಸಣ್ಣ ಅಂಗಡಿಗೆ ಪ್ರತಿ ಖರೀದಿಗೆ ಒಂದು ಮುದ್ರೆ ಒತ್ತಿ, ತುಂಬಿದಾಗ ಬಹುಮಾನ ಕೊಡುವ ರಟ್ಟಿನ ಕಾರ್ಡ್ ಸಾಕು. ಅದರಲ್ಲೂ ಒಂದು ಜಾಣ್ಮೆಯಿದೆ. ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೇಜ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾರು ತೊಳೆಯುವ ಕೇಂದ್ರದ ಗಿರಾಕಿಗಳಿಗೆ ಎರಡು ಬಗೆಯ ಕಾರ್ಡ್ ಹಂಚಿದರು. ಒಂದರಲ್ಲಿ ಎಂಟು ಖಾಲಿ ಮನೆ. ಇನ್ನೊಂದರಲ್ಲಿ ಹತ್ತು ಮನೆ, ಆದರೆ ಎರಡಕ್ಕೆ ಮೊದಲೇ ಮುದ್ರೆ ಬಿದ್ದಿತ್ತು. ತುಂಬಬೇಕಾದದ್ದು ಎರಡರಲ್ಲೂ ಎಂಟೇ. ಖಾಲಿ ಕಾರ್ಡ್ ಪಡೆದವರಲ್ಲಿ ಶೇ. 19 ಮಂದಿ ಪೂರ್ತಿ ಮಾಡಿದರು, ಮುದ್ರೆ ಬಿದ್ದ ಕಾರ್ಡ್ ಪಡೆದವರಲ್ಲಿ ಶೇ. 34. ಕೆಲಸ ಆಗಲೇ ಶುರುವಾಗಿದೆ ಎಂದು ಕಂಡರೆ ಮುಗಿಸುವ ಆಸೆ ಹುಟ್ಟುತ್ತದೆ. ಆ್ಯಪ್ ಮಾಡಿಸುವವರೂ ಮೊದಲ ಬಿಲ್ಲಿಗೇ ಒಂದಿಷ್ಟು ಪಾಯಿಂಟ್ ತುಂಬಿಕೊಡುವುದನ್ನು ಮರೆಯಬಾರದು.

ಸದಸ್ಯರಿಗೆ ಮಾತ್ರ ಕಡಿಮೆ ಬೆಲೆ ಎಂಬುದು ಪಾಯಿಂಟ್‌ಗಿಂತ ನೇರ. ಗಿರಾಕಿಗೆ ಲಾಭ ಕೌಂಟರ್‌ನಲ್ಲೇ ಕಾಣುತ್ತದೆ, ನಿಮಗೆ ಪುಸ್ತಕದಲ್ಲಿ ಸಾಲ ಉಳಿಯುವುದಿಲ್ಲ. ಆದರೆ ಸದಸ್ಯರಲ್ಲದವರಿಗೆ ಅದು ದಂಡದಂತೆ ಕಾಣುತ್ತದೆ, ವಿಶೇಷವಾಗಿ ಮಾಮೂಲಿ ಬೆಲೆಯನ್ನು ಅದಕ್ಕಾಗಿಯೇ ಏರಿಸಿದ್ದೀರಿ ಎಂಬ ಗುಮಾನಿ ಬಂದರೆ. ಹಾಗೆ ಏರಿಸಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಹೋದ ಮಾನ ಪಾಯಿಂಟ್ ಕೊಟ್ಟು ತರುವಂಥದ್ದಲ್ಲ.

ಶುಲ್ಕ ಕೊಟ್ಟು ಸದಸ್ಯರಾಗುವ ಪದ್ಧತಿ ಇವೆಲ್ಲದರಲ್ಲಿ ಗಟ್ಟಿಯಾದದ್ದು, ಎಲ್ಲರಿಗೂ ಎಟುಕದ್ದು ಕೂಡ. ಕಾಸ್ಟ್‌ಕೋ ಸರಕಿನ ಮೇಲಿನ ಲಾಭವನ್ನು ಬೇಕೆಂದೇ ಕಡಿಮೆ ಇಟ್ಟು, ಕಾರ್ಯಾಚರಣೆಯ ಲಾಭದ ದೊಡ್ಡ ಪಾಲನ್ನು ಸದಸ್ಯತ್ವದ ಶುಲ್ಕದಿಂದಲೇ ಗಳಿಸುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ ಅದರ ಸದಸ್ಯತ್ವ ನವೀಕರಣ ಶೇ. 90ಕ್ಕಿಂತ ಹೆಚ್ಚು. ಅಮೆಜಾನ್ 2005ರಲ್ಲಿ ಪ್ರೈಮ್ ಆರಂಭಿಸಿದಾಗ ವಾರ್ಷಿಕ ಶುಲ್ಕಕ್ಕೆ ಎರಡು ದಿನದ ಉಚಿತ ಸಾಗಣೆ ಕೊಟ್ಟಿತು. ಶುಲ್ಕ ಕಟ್ಟಿದವರು ಅದನ್ನು ವಸೂಲು ಮಾಡುವ ಹಟಕ್ಕೆ ಬಿದ್ದು ಮತ್ತೆ ಮತ್ತೆ ಅಲ್ಲೇ ಕೊಳ್ಳುತ್ತಾರೆ. ಆದರೆ ಮೊದಲ ಕೆಲವು ಖರೀದಿಗಳಲ್ಲೇ ಶುಲ್ಕ ಹುಟ್ಟಿತು ಎಂಬ ಭಾವನೆ ಬರಬೇಕು. ತಿಂಗಳಿಗೆ ಎರಡು ಬಾರಿಯಾದರೂ ಬರುವ ಗಿರಾಕಿಗಳಿಲ್ಲದ ಅಂಗಡಿಗೆ ಇದನ್ನು ನಾನು ಸೂಚಿಸುವುದಿಲ್ಲ.

ಬೆಳ್ಳಿ, ಚಿನ್ನ ಎಂಬ ಹಂತಗಳು ಗೌರವವನ್ನು ಮಾರುತ್ತವೆ. ಸೌಂದರ್ಯ ಸಾಧನಗಳ ಸೆಫೋರಾ ಮಳಿಗೆಗಳು ಇದನ್ನು ಚೆನ್ನಾಗಿ ನಡೆಸಿವೆ. ಹೊಸ ಸರಕನ್ನು ಮೊದಲು ನೋಡುವ ಅವಕಾಶ, ಮಾದರಿ ಪೊಟ್ಟಣ, ವಿಶೇಷ ಆಹ್ವಾನ, ಇವುಗಳಿಗೆ ನಿಮ್ಮ ಖರ್ಚು ಕಡಿಮೆ, ಪಡೆಯುವವರಿಗೆ ಬೆಲೆ ಹೆಚ್ಚು. ಸಾಬೂನು, ಪೊರಕೆ ಮಾರುವ ಕಡೆ ಯಾರಿಗೂ ಚಿನ್ನದ ಹಂತ ಬೇಕಿಲ್ಲ.

ಏನೂ ಇಲ್ಲದಿರುವುದೂ ಒಂದು ಆಯ್ಕೆ. ಅಮೆರಿಕದ ಟ್ರೇಡರ್ ಜೋಸ್ ಪಾಯಿಂಟ್, ಕಾರ್ಡ್, ಕೂಪನ್ ಯಾವುದನ್ನೂ ಕೊಡದೆ ಸರಕಿನ ವೈಶಿಷ್ಟ್ಯ ಮತ್ತು ಸಿಬ್ಬಂದಿಯ ನಡೆಯಿಂದಲೇ ಅಭಿಮಾನಿಗಳನ್ನು ಗಳಿಸಿದೆ. ಕಾರ್ಡಿಗೆ ಸುರಿಯುವ ಹಣವನ್ನು ಸರಕಿಗೆ ಸುರಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಪ್ರತಿ ಅಂಗಡಿಯೂ ಒಮ್ಮೆಯಾದರೂ ಕೇಳಿಕೊಳ್ಳಬೇಕು.

ಯಾರಿಗೆ ಯಾವುದು

ಗಿರಾಕಿ ವಾರಕ್ಕೊಮ್ಮೆ ಬರುತ್ತಾರೆ, ಉಳಿಕೆ ತೆಳು: ಸದಾ ಕಡಿಮೆ ಬೆಲೆ, ಕಡಿಮೆ ಬಗೆ, ಹೆಚ್ಚೆಂದರೆ ಸದಸ್ಯರ ಬೆಲೆ. ಪಾಯಿಂಟ್ ಕೊಡುವುದಾದರೆ ಶೇ. 1ರ ಒಳಗೆ, ಅದೂ ದತ್ತಾಂಶ ಓದುವವರು ನಿಮ್ಮಲ್ಲಿದ್ದರೆ. ಆಗಾಗ ಬರುತ್ತಾರೆ, ಉಳಿಕೆ ದಪ್ಪ: ಹಂತಗಳಿಗೂ ಮುದ್ರೆಯ ಕಾರ್ಡಿಗೂ ಇದೇ ಜಾಗ. ಋತುವಿಗೊಮ್ಮೆ ಬಟ್ಟೆ, ಪಾದರಕ್ಷೆ ಕೊಳ್ಳುವವರಿಗೆ ಪಾಯಿಂಟ್ ನೆನಪೂ ಇರುವುದಿಲ್ಲ. ಅವರ ಅಳತೆ ಬರೆದಿಟ್ಟುಕೊಂಡು, ಆ ಅಳತೆಯ ಹೊಸ ಸರಕು ಬಂದಾಗ ಒಂದು ಸಂದೇಶ ಕಳಿಸುವುದು ಹೆಚ್ಚು ಫಲ ಕೊಡುತ್ತದೆ.

ವರ್ಷಗಳಿಗೊಮ್ಮೆ ಬರುವ ಪೀಠೋಪಕರಣ, ಫ್ರಿಜ್‌ಗಳ ಗಿರಾಕಿಗೆ ಪಾಯಿಂಟ್ ಕೊಡುವುದು ಹಾಸ್ಯಾಸ್ಪದ. ಅಲ್ಲಿ ಕಾಯಂ ಎಂದರೆ ಮತ್ತೊಬ್ಬರಿಗೆ ನಿಮ್ಮ ಹೆಸರು ಹೇಳುವವರು. ಸಮಯಕ್ಕೆ ಸರಿಯಾಗಿ ತಲುಪಿಸುವುದು, ಕೆಟ್ಟರೆ ಒಂದೇ ಫೋನಿಗೆ ಸ್ಪಂದಿಸುವುದು, ಇವಕ್ಕೇ ಪೂರ್ತಿ ಹಣ ಹಾಕಿ.

ಅಳತೆಯಲ್ಲಿ ಆಗುವ ಮೋಸ

'ನಮ್ಮ ಸದಸ್ಯರು ಇತರರಿಗಿಂತ ಎರಡರಷ್ಟು ಕೊಳ್ಳುತ್ತಾರೆ' ಎಂಬ ವರದಿಯನ್ನು ನಂಬಬೇಡಿ. ಹೆಚ್ಚು ಕೊಳ್ಳುವವರೇ ಮೊದಲು ಸದಸ್ಯರಾಗುತ್ತಾರೆ. ಕಾರ್ಡ್ ಇಲ್ಲದಿದ್ದರೂ ಅವರು ಕೊಳ್ಳುತ್ತಿದ್ದರು. ಕಾರ್ಡಿನಿಂದ ಏನಾದರೂ ಆಯಿತೇ ಎಂದು ತಿಳಿಯಲು ಒಂದೇ ಪ್ರಾಮಾಣಿಕ ದಾರಿಯೆಂದರೆ, ಸದಸ್ಯರಲ್ಲಿ ಚೀಟಿ ಎತ್ತಿದಂತೆ ಆರಿಸಿದ ಒಂದು ಗುಂಪಿಗೆ ಆಫರ್ ಕಳಿಸದೆ ಬಿಟ್ಟು, ಕಳಿಸಿದ ಗುಂಪಿನೊಂದಿಗೆ ಹೋಲಿಸುವುದು. ವ್ಯತ್ಯಾಸ ಶೂನ್ಯವಾಗಿದ್ದರೆ ನೀವು ಹೇಗೂ ಆಗುತ್ತಿದ್ದ ಮಾರಾಟಕ್ಕೆ ರಿಯಾಯಿತಿ ಕೊಟ್ಟಿದ್ದೀರಿ.

ನೋಂದಾಯಿತ ಸದಸ್ಯರ ಸಂಖ್ಯೆಯೂ ಹಾಗೆಯೇ. ವರ್ಷದಿಂದ ಬಾರದವರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಕೊನೆಯ ಬಾರಿ ಬಂದದ್ದು ಯಾವಾಗ, ವರ್ಷದಲ್ಲಿ ಎಷ್ಟು ಬಾರಿ ಬಂದರು, ಒಟ್ಟು ಎಷ್ಟು ಕೊಂಡರು ಎಂಬ ಮೂರು ಅಂಕಿಗಳನ್ನು ಪ್ರತಿ ಸದಸ್ಯರಿಗೂ ತೆಗೆಯಿರಿ. ಹಿಂದೆ ಚೆನ್ನಾಗಿ ಕೊಳ್ಳುತ್ತಿದ್ದು ಈಗ ಕಾಣದವರ ಪಟ್ಟಿಯೇ ಮೊದಲು ಫೋನ್ ಮಾಡಬೇಕಾದ ಪಟ್ಟಿ.

ಬ್ರಿಟನ್ನಿನ ಸಂಶೋಧಕ ಆಂಡ್ರ್ಯೂ ಎರೆನ್‌ಬರ್ಗ್ ದಶಕಗಳ ಕಾಲ ಖರೀದಿಯ ದಾಖಲೆಗಳನ್ನು ಅಧ್ಯಯನ ಮಾಡಿ ತೋರಿಸಿದ ಒಂದು ಸಂಗತಿ ಈ ಕ್ಷೇತ್ರದ ಉತ್ಸಾಹಿಗಳಿಗೆ ಅಷ್ಟು ಹಿಡಿಸುವುದಿಲ್ಲ. ಗಿರಾಕಿಗಳು ಸಾಮಾನ್ಯವಾಗಿ ಒಂದೇ ಕಡೆಗೆ ಕಟ್ಟುಬೀಳದೆ ಹಲವು ಕಡೆ ಕೊಳ್ಳುತ್ತಾರೆ. ಚಿಕ್ಕ ಬ್ರಾಂಡ್‌ಗೆ ಕೊಳ್ಳುವವರೂ ಕಡಿಮೆ, ಇರುವವರು ಮರಳುವುದೂ ತುಸು ಕಡಿಮೆ. ಹಾಗಾಗಿ ಇದ್ದವರನ್ನೇ ಹಿಂಡಿ ಬೆಳೆಯುತ್ತೇವೆ ಎಂಬ ಯೋಜನೆಗೆ ಮಿತಿಯಿದೆ. ಹೊಸಬರನ್ನು ಬಾಗಿಲೊಳಗೆ ಕರೆತರುವ ಖರ್ಚನ್ನು ಕಾರ್ಡಿಗಾಗಿ ಕಡಿತ ಮಾಡಬೇಡಿ.

ಕೊನೆಗೆ ಆರಂಭಿಸುವ ಕ್ರಮ. ಎರಡು ಮಳಿಗೆಗಳಿದ್ದರೆ ಒಂದರಲ್ಲಿ, ಒಂದೇ ಇದ್ದರೆ ಒಂದು ವಿಭಾಗದಲ್ಲಿ, ಮೊದಲ ಆರು ತಿಂಗಳು ನಡೆಸಿ. ಪಾಯಿಂಟ್‌ನ ಅವಧಿ, ಬಳಕೆಯ ಕನಿಷ್ಠ ಮೊತ್ತ, ಯೋಜನೆ ನಿಂತರೆ ಏನು ಎಂಬುದನ್ನು ಮೊದಲೇ ಬರೆದು ಪ್ರಕಟಿಸಿ. ಫೋನ್ ಸಂಖ್ಯೆ ಕೇಳುವಾಗ ಯಾಕೆ ಎಂದು ಹೇಳಿ, ಬೇಡವೆಂದವರಿಗೂ ಬಿಲ್ ಕೊಡಿ. ಕೌಂಟರ್‌ನಲ್ಲಿ ನಿಲ್ಲುವ ಸಿಬ್ಬಂದಿಗೆ ಯೋಜನೆಯನ್ನು ಎರಡು ವಾಕ್ಯಗಳಲ್ಲಿ ಹೇಳಲು ಬರುತ್ತದೆಯೇ ಎಂದು ಕೇಳಿ ನೋಡಿ. ಅವರು ತಡವರಿಸಿದರೆ ಕಾರ್ಡ್ ಅಚ್ಚಿಗೆ ಕಳಿಸುವ ಮುನ್ನ ನಿಯಮಗಳನ್ನೇ ಸರಳ ಮಾಡಿ.